ಪೋರ್ಟ್ ತಂದರೆ ಕುಡಿಯಿರಿ, ಬೀರುವಿನಲ್ಲಿ ಇಡಬೇಡಿ

ಪ್ರಶ್ನೆ: ಜೇಬಿಗೆ ಭಾರವಾಗದ, ತಂದ ದಿನವೇ ತೆರೆಯಬಹುದಾದ ಪೋರ್ಟ್ ವೈನ್ ಯಾವುದು? ಹತ್ತು ವರ್ಷ ಇಟ್ಟು ಕುಡಿದರೆ ಇನ್ನೂ ಚೆನ್ನಾಗಿರುತ್ತದಂತೆ, ಹೌದೇ?

ಮೊದಲರ್ಧಕ್ಕೆ ಉತ್ತರ ಚಿಕ್ಕದು. ಮಾಗಿದ ಹಣ್ಣಿನ ರುಚಿ ಬೇಕೆಂದರೆ ಲೇಟ್ ಬಾಟಲ್ಡ್ ವಿಂಟೇಜ್, ಅಂದರೆ ಎಲ್‌ಬಿವಿ; ಒಂದೇ ವರ್ಷದ ಬೆಳೆಯದ್ದು, ತಡವಾಗಿ ಬಾಟಲಿಗೆ ತುಂಬಿದ್ದು. ಒಣದ್ರಾಕ್ಷಿ, ಬಾದಾಮಿ, ಕೆಂಪಗೆ ಕಾಸಿದ ಸಕ್ಕರೆಯ ರುಚಿ ಇಷ್ಟವಾದರೆ 10 ವರ್ಷದ ಟಾನಿ, ಅಂದರೆ ಪೀಪಾಯಿಯಲ್ಲೇ ಮಾಗಿ ಬಣ್ಣ ತಿರುಗಿದ ಪೋರ್ಟ್. ಅಷ್ಟೂ ಕೈಗೆಟುಕದಿದ್ದರೆ ‘ರಿಸರ್ವ್’ ಎಂದು ಬರೆದ ರೂಬಿ, ಅಂದರೆ ಎಳೆಯ ಕೆಂಪು ಪೋರ್ಟ್. ಗೋವಾದಿಂದ ವಾಪಸಾಗುವಾಗ ಎಲ್ಲರ ಚೀಲದಲ್ಲೂ ಇರುತ್ತದಲ್ಲ, ಆ ‘ಪೋರ್ಟ್’ ಬೇರೆ ಜಾತಿ. ನಾನು ಹೇಳುತ್ತಿರುವುದು ಪೋರ್ಚುಗಲ್‌ನ ಡೋರು ಕಣಿವೆಯ, ಸ್ಪಿರಿಟ್ ಬೆರೆಸಿದ ಸಿಹಿ ವೈನ್.

ಇನ್ನು ಆ ‘ಇಟ್ಟರೆ ಚೆನ್ನಾಗುತ್ತದೆ’ಗೆ ಬರೋಣ. ಇದನ್ನು ಎಷ್ಟನೇ ಸಲ ಹೇಳುತ್ತಿದ್ದೇನೋ! ಚಟ್ನಿಯನ್ನು ಭರಣಿಗೆ ತುಂಬಿಟ್ಟರೆ ಉಪ್ಪಿನಕಾಯಿ ಆಗುವುದಿಲ್ಲ. ಪೋರ್ಟ್‌ಗಳಲ್ಲಿ ಬಾಟಲಿಯೊಳಗೆ ಬೆಳೆಯಲೆಂದೇ ಮಾಡಿದ್ದು ವಿಂಟೇಜ್ ಪೋರ್ಟ್. ಅದನ್ನು ಎರಡು ವರ್ಷ ಪೀಪಾಯಿಯಲ್ಲಿಟ್ಟು, ಸೋಸದೆ ಬಾಟಲಿಗೆ ತುಂಬುತ್ತಾರೆ. ದಶಕಗಟ್ಟಲೆ ಗಸಿ ಇಳಿಸುತ್ತಾ ಹದಕ್ಕೆ ಬರುತ್ತದೆ. ಸೋಸದ ಎಲ್‌ಬಿವಿಯೂ ಕೆಲವು ವರ್ಷ ತಾಳುತ್ತದೆ. ಉಳಿದವು ಬೆಳೆಯುವುದೆಲ್ಲ ಬಾಟಲಿಗೆ ಬರುವ ಮೊದಲೇ, ಹೆಚ್ಚಾಗಿ ಮರದೊಳಗೆ. ಎಲ್‌ಬಿವಿಗೆ ನಾಲ್ಕರಿಂದ ಆರು ವರ್ಷ, ಟಾನಿಗೆ ಇನ್ನೂ ಹೆಚ್ಚು. ಮರದ ಸಂದಿಯಿಂದ ಗಾಳಿ ಸೋಕಿ ಸೋಕಿ ಟಾನಿಯ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಗಾಜಿಗೆ ಬಂದಮೇಲೆ ಆ ಕೆಲಸ ನಿಂತಿತು. ಹಾಗಾಗಿ 10ರ ಟಾನಿಯನ್ನು ಇನ್ನೂ 10 ವರ್ಷ ಇಟ್ಟರೆ 20ರ ಟಾನಿ ಆಗುವುದಿಲ್ಲ, ಸೊರಗಿದ 10ರ ಟಾನಿ ಆಗುತ್ತದೆ. ಅಂದಹಾಗೆ ಆ 10 ಕೂಡ ಹುಟ್ಟುಹಬ್ಬದ ಲೆಕ್ಕವಲ್ಲ. ಹಲವು ವರ್ಷಗಳ ವೈನ್ ಬೆರೆಸಿ, ಆ ವಯಸ್ಸಿನ ಗುಣ ಬಂದಿದೆಯೇ ಎಂದು ರುಚಿ ನೋಡಿ ಒಪ್ಪುವವರು ಅಲ್ಲಿದ್ದಾರೆ.

ನಮ್ಮ ನೆಂಟರೊಬ್ಬರು ಸಾಧಾರಣ ರೂಬಿಯೊಂದನ್ನು ರೇಷ್ಮೆ ಸೀರೆಗಳ ನಡುವೆ, ನುಸಿಗುಳಿಗೆಯ ಪಕ್ಕದಲ್ಲಿ, ಹದಿನಾಲ್ಕು ವರ್ಷ ಸಾಕಿದ್ದರು. ಮುಚ್ಚಳ ತಿರುವಿದೆ, ಕಪ್ಪು ಪ್ಲಾಸ್ಟಿಕ್ ತಲೆ ಕೈಗೆ ಬಂತು, ಬಿರಡೆ ಕುತ್ತಿಗೆಯಲ್ಲೇ ಉಳಿಯಿತು. ಒಳಗಿದ್ದದ್ದಕ್ಕೆ ಕಷಾಯದ ಬಣ್ಣ. ಅವರ ಮುಖ ನೋಡಿ ‘ಪರವಾಗಿಲ್ಲ’ ಅಂದೆ. ಸುಳ್ಳು.

ಆ ಪ್ಲಾಸ್ಟಿಕ್ ತಲೆಯೇ ನಿಮಗೆ ಗುರುತು. ಕೈಯಲ್ಲೇ ಕೀಳುವಂಥ ಬಿರಡೆ ಇದ್ದರೆ ಈಗಲೇ ಕುಡಿಯಿರಿ ಎಂದರ್ಥ. ತಿರುಪು ಹಾಕಿ ಎಳೆಯಬೇಕಾದ ಉದ್ದ ಬಿರಡೆ ಇದ್ದರೆ ಮಾತ್ರ ಇಡುವ ಮಾತು.

‘ಸ್ಪಿರಿಟ್ ಇದೆಯಲ್ಲ, ತೆರೆದರೂ ಕೆಡಲ್ಲ’ ಅನ್ನುವವರೂ ಇದ್ದಾರೆ. ಹುದುಗು ನಡೆಯುತ್ತಿರುವಾಗಲೇ 77% ದ್ರಾಕ್ಷಿ ಸ್ಪಿರಿಟ್ ಸುರಿಯುತ್ತಾರೆ, ಯೀಸ್ಟ್ ಸಾಯುತ್ತದೆ, ಸಕ್ಕರೆ ಉಳಿಯುತ್ತದೆ, ಕೊನೆಗೆ ಮದ್ಯಾಂಶ 20%ರ ಆಸುಪಾಸು. ಅದು ಕಾಯುತ್ತದೆ, ಆದರೆ ಎಷ್ಟು ದಿನ? ತೆರೆದ ಎಲ್‌ಬಿವಿಗೆ ನಾಲ್ಕೈದು ದಿನ, ರೂಬಿಗೆ ಒಂದು ವಾರ, ಟಾನಿಗೆ ಮೂರ್ನಾಲ್ಕು ವಾರ. ಎಲ್ಲವೂ ಫ್ರಿಜ್ಜಿನಲ್ಲಿ. ‘ರೂಮ್ ಟೆಂಪರೇಚರ್’ ಅಂದವರು ಏಪ್ರಿಲ್‌ನ ಕಲಬುರಗಿ ಕಂಡವರಲ್ಲ.

ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಪೋರ್ಚುಗಲ್‌ನ ಬಾಟಲಿ ಮೇಲೆ ಟೇಲರ್, ಗ್ರಹಾಂ, ಸ್ಯಾಂಡಮನ್ ಎಂದು ಸಾಹೇಬರ ಹೆಸರೇಕೆ? ಫ್ರಾನ್ಸ್ ಜೊತೆ ಕಾದಾಡುತ್ತಿದ್ದ ಇಂಗ್ಲೆಂಡಿಗೆ ವೈನ್ ಬೇಕಿತ್ತು. ಇಂಗ್ಲೆಂಡ್ ಮತ್ತು ಪೋರ್ಚುಗಲ್ ನಡುವಿನ 1703ರ ಮೆಥುಯೆನ್ ವ್ಯಾಪಾರ ಒಪ್ಪಂದದಿಂದ ಪೋರ್ಚುಗೀಸ್ ವೈನ್‌ಗೆ ಫ್ರೆಂಚ್ ವೈನ್‌ಗಿಂತ ಕಡಿಮೆ ಸುಂಕವಾಯಿತು. ವ್ಯಾಪಾರಿಗಳು ಬಂದು ಬೇರೂರಿದರು. ಹೆಸರು ಪೋರ್ತೊ ಊರಿನದಾದರೂ ಅವರ ಪೀಪಾಯಿಗಳು ಮಲಗಿದ್ದು ಹೊಳೆಯಾಚೆಯ ವಿಲಾ ನೋವಾ ದೆ ಗಾಯಾದಲ್ಲಿ. ಇವರೆಲ್ಲರಿಗಿಂತ ಹಳೆಯ ಹೆಸರು 1638ರ ಕೋಪ್ಕೆ. ಅದೂ ಪೋರ್ಚುಗೀಸರದ್ದಲ್ಲ, ಜರ್ಮನ್ನರದ್ದು.