ದೊಡ್ಡವಳಾದ ದಿನ ಮುಚ್ಚಿದ ಪುಸ್ತಕ

ಹುಡುಗ ದೊಡ್ಡವನಾಗಲು ಹತ್ತಾರು ವರ್ಷ ಬೇಕು. ನಮ್ಮ ಭಾಷೆಯಲ್ಲಿ ಹುಡುಗಿ ಒಂದೇ ದಿನದಲ್ಲಿ ‘ದೊಡ್ಡವಳಾಗುತ್ತಾಳೆ’. ಮರುದಿನದಿಂದ ಅಂಗಳ ಕಿರಿದಾಗುತ್ತದೆ, ಶಾಲೆ ದೂರವಾಗುತ್ತದೆ. ಕರಾವಳಿಯ ಕಾದಂಬರಿ ಹುಟ್ಟಿದ್ದೇ ಆ ಮುಚ್ಚಿದ ಪುಸ್ತಕವನ್ನು ಮತ್ತೆ ತೆರೆಯುವ ಹಟದಿಂದ.

1834ರಲ್ಲಿ ಮಂಗಳೂರಿಗೆ ಬಂದ ಕ್ರೈಸ್ತ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್ ಶಾಲೆಗಳನ್ನೂ ಅಚ್ಚುಕೂಟವನ್ನೂ ಕಟ್ಟಿತು. ಅದೇ ಅಚ್ಚುಕೂಟದಲ್ಲಿ 1899ರಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಮುದ್ರಣವಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದ ಈ ಕೃತಿಯಲ್ಲಿ ಎಳೆ ವಯಸ್ಸಿನ ವಿಧವೆಯೊಬ್ಬಳು ಮನೆ ತೊರೆಯುತ್ತಾಳೆ, ಓದುತ್ತಾಳೆ, ಮರುಮದುವೆಯಾಗುತ್ತಾಳೆ. ಬರೆದವರು ಪೊಲೀಸ್ ಅಧಿಕಾರಿ. ಆ ಕಾಲಕ್ಕೆ ಅದು ಎಂಥ ಎದೆಗಾರಿಕೆ! ಆದರೂ ಒಂದು ಮಾತು ಹೇಳಲೇಬೇಕು: ಇಂದಿರೆಗೆ ಓದಿನ ಹಸಿವಿತ್ತು, ಹೊಟ್ಟೆಯ ಹಸಿವಿರಲಿಲ್ಲ.

ಹೊಟ್ಟೆಯ ಹಸಿವು 1933ರಲ್ಲಿ, ಶಿವರಾಮ ಕಾರಂತರ ‘ಚೋಮನ ದುಡಿ’ಯ ಬೆಳ್ಳಿಯೊಂದಿಗೆ ಬಂತು. ಅಪ್ಪನ ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದ ಆ ಹುಡುಗಿ ದುಡಿಮೆಯ ಜೊತೆಗೆ ದೇಹವನ್ನೂ ತೆರಬೇಕಾಯಿತು. ನೀರಿನಲ್ಲಿ ಮುಳುಗುತ್ತಿದ್ದ ಅವಳ ತಮ್ಮನನ್ನು ಮುಟ್ಟಿ ಎತ್ತಲು ದಡದಲ್ಲಿದ್ದವರಿಗೆ ಜಾತಿ ಅಡ್ಡಬಂತು. ಬಡತನ ಮತ್ತು ಅಸ್ಪೃಶ್ಯತೆ ಬೇರೆ ಬೇರೆ ಕಷ್ಟಗಳಲ್ಲ ಎಂಬುದನ್ನು ಇಷ್ಟು ನೇರವಾಗಿ ತೋರಿಸಿದ ಬರಹ ಅಪರೂಪ. ಆದರೆ ಅಪ್ಪ ಚೋಮ ಬಾರಿಸುವ ದುಡಿಯ ಸದ್ದಿನ ನಡುವೆ ಬೆಳ್ಳಿಯ ದನಿ ನಮಗೆ ಸಾಕಷ್ಟು ಕೇಳಿಸುವುದಿಲ್ಲ. ಪ್ರತಿಸಲ ಓದುವಾಗಲೂ ಅವಳೇ ಈ ಕಥೆಯನ್ನು ಹೇಳಿದ್ದರೆ ಎಂದು ನನ್ನ ಮನಸ್ಸು ಕೇಳುತ್ತದೆ.

ಉಡುಪಿಯಲ್ಲಿ ಅಂಥ ಒಬ್ಬಳು ನಿಜವಾಗಿಯೂ ಇದ್ದಳು. ಬಡತನದಲ್ಲಿ ಬೆಳೆದು, ತನಗಿಂತ ಬಹಳ ಹಿರಿಯನಾದ ಸಿರಿವಂತನನ್ನು ಎಳವೆಯಲ್ಲೇ ಮದುವೆಯಾದ ಸರಸ್ವತಿಬಾಯಿ ರಾಜವಾಡೆ ‘ಗಿರಿಬಾಲೆ’ ಎಂಬ ಹೆಸರಿನಲ್ಲಿ ಕಥೆ ಬರೆದರು, ‘ಸುಪ್ರಭಾತ’ ಪತ್ರಿಕೆಯನ್ನು ನಡೆಸಿದರು. ಮರೆವಿಗೆ ಸಂದುಹೋಗಬಹುದಾಗಿದ್ದ ಆ ಬದುಕನ್ನು ಲೇಖಕಿ ವೈದೇಹಿ ಮುಂದೆ ಪುಸ್ತಕಕ್ಕಿಳಿಸಿದರು.

1980ರ ದಶಕದ ಆರಂಭದಲ್ಲಿ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಹಣದ ಜಗಳದಲ್ಲಿ ಅಪ್ಪನೇ ಮಗಳು ನಾದಿರಾಳಿಗೆ ತಲಾಖ್ ಕೊಡಿಸುತ್ತಾನೆ. ಗಂಡನ ಬಳಿಗೆ ಮರಳುವ ದಾರಿಗೂ, ಮೊದಲು ಬೇರೊಬ್ಬನನ್ನು ಮದುವೆಯಾಗಿ ತಲಾಖ್ ಪಡೆಯಬೇಕೆಂಬ ಅವಮಾನದ ಷರತ್ತು. ಅವಳು ಮಸೀದಿಯ ಕೆರೆಗೆ ಇಳಿಯುತ್ತಾಳೆ. ಆ ಮನೆಯ ಒಳಗಿನಿಂದಲೇ ಒಬ್ಬ ಹೆಣ್ಣು ಮಾತನಾಡಿದ್ದು ಅನೇಕರಿಗೆ ಸಹಿಸಲಾಗಲಿಲ್ಲ. ಸಾರಾ ಹೆದರದೆ ಬರೆಯುತ್ತಲೇ ಹೋದರು. ಅವರು 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು.

ಇಂದಿರೆ, ಬೆಳ್ಳಿ, ನಾದಿರಾ ಆದ ಮೇಲೆ ನಾನು ಪುಟಗಳಲ್ಲಿ ಹುಡುಕುವುದು ಬೀಡಿ ಕಟ್ಟುವ ಹುಡುಗಿಯನ್ನು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಎಷ್ಟೋ ಮನೆಗಳಲ್ಲಿ ಶಾಲೆಯ ಫೀಸು, ಅಕ್ಕನ ಮದುವೆಯ ಚಿನ್ನ, ಅಪ್ಪನ ಔಷಧಿ ಎಲ್ಲವೂ ಬಂದದ್ದು ಸಾವಿರ ಬೀಡಿಗೆ ಇಷ್ಟು ಎಂಬ ಕೂಲಿಯಿಂದ. ಅವಳಿಗೆ ಸಿಗಬೇಕಾದಷ್ಟು ಪುಟಗಳು ಇನ್ನೂ ಸಿಕ್ಕಿಲ್ಲ. ಜಗಲಿಯಲ್ಲಿ ಅವಳು ಕಾಲು ಚಾಚಿ ಕುಳಿತಿದ್ದಾಳೆ. ಮಡಿಲಲ್ಲಿ ತಡ್ಪೆ ಎಂಬ ಮೊರ, ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು, ನೂಲು. ಪಕ್ಕದಲ್ಲಿ ತೆರೆದ ಪಠ್ಯಪುಸ್ತಕ, ಗಾಳಿಗೆ ಹಾಳೆ ಮಗುಚದಂತೆ ಅದರ ಮೇಲೆ ಕತ್ತರಿ.