ಕಲಿಯುವ ಹೊತ್ತಿಗೂ ಕೂಲಿ ಕೊಡಿ

ಕಟ್ಟಡ ಕೆಲಸಗಾರರಿಗೆ ತರಬೇತಿ ಏರ್ಪಡಿಸಿಕೊಡಿ ಎಂದು ಕಾರವಾರ, ಅಂಕೋಲಾ, ಕುಮಟಾ ಕಡೆಯ ಗುತ್ತಿಗೆದಾರರು ಬಂದಾಗ ನಾನು ಮೊದಲು ಕೇಳುವ ಪ್ರಶ್ನೆ: ಆ ಹೊತ್ತಿನ ಕೂಲಿಯನ್ನು ಯಾರು ಕೊಡುತ್ತೀರಿ? ಕಲ್ಲಿಗೆ ಇಷ್ಟು, ಚದರ ಅಡಿ ಪ್ಲಾಸ್ಟರಿಗೆ ಇಷ್ಟು ಎಂದು ಲೆಕ್ಕ ಹಿಡಿದು ದುಡಿಯುವ ತಂಡಕ್ಕೆ ಸುಮ್ಮನೆ ಕುಳಿತ ಪ್ರತಿ ಗಳಿಗೆಯೂ ನಷ್ಟವೇ. ದಿನದ ಕೆಲಸ ಮುಗಿದ ಮೇಲೆ, ಹೊಟ್ಟೆ ಹಸಿದಿರುವಾಗ, ಪುಕ್ಕಟೆಯಾಗಿ ಕೂರಿಸಿ ಹೇಳಿದ ಪಾಠ ಯಾರ ತಲೆಗೂ ಹೋಗುವುದಿಲ್ಲ. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲಿನ ಹದಿನೈದು ನಿಮಿಷವನ್ನು ಕೂಲಿಯ ಅವಧಿಗೇ ಸೇರಿಸಿ. ಈ ಒಂದು ಮಾತಿಗೆ ಒಪ್ಪದವರ ಜೊತೆ ಮುಂದಿನ ಮಾತನ್ನು ನಾನು ಬೆಳೆಸುವುದಿಲ್ಲ.

ಎರಡನೆಯ ಮಾತು ಮೇಸ್ತ್ರಿಯದು. ನಮ್ಮ ಕರಾವಳಿಯ ಕೆಲಸಗಳಲ್ಲಿ ಕೊಂಕಣಿ ಮಾತನಾಡುವ ಸ್ಥಳೀಯರಿದ್ದಾರೆ, ಕೊಪ್ಪಳ, ರಾಯಚೂರು, ವಿಜಯಪುರದಿಂದ ಬಂದ ಕುಟುಂಬಗಳಿವೆ, ಒಡಿಶಾ, ಜಾರ್ಖಂಡ್ ಕಡೆಯ ಹುಡುಗರಿದ್ದಾರೆ. ಅವರು ನಂಬುವುದು ಊರಿನಿಂದ ಕರೆತಂದು, ಮುಂಗಡ ಕೊಟ್ಟು, ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವ ಮೇಸ್ತ್ರಿಯನ್ನು. ಆದ್ದರಿಂದ ಎಂಜಿನಿಯರು ಮೇಸ್ತ್ರಿಗೆ ಕಲಿಸಲಿ, ಮೇಸ್ತ್ರಿ ತನ್ನ ಭಾಷೆಯಲ್ಲಿ ತಂಡಕ್ಕೆ ಕಲಿಸಲಿ. ದಿನಕ್ಕೆ ಒಂದೇ ವಿಷಯ ಸಾಕು, ಅದೂ ಅಂದು ಮಾಡಲಿರುವ ಕೆಲಸದ್ದೇ ಆಗಿರಬೇಕು.

ಹೊಸ ತಂಡಕ್ಕೆ ನಾನು ಹೇಳಿಸುವ ಮೊದಲ ಪಾಠ ಗುಂಡಿಯದು. ಬಯಲುಸೀಮೆಯಿಂದ ಬಂದವರಿಗೆ ನಮ್ಮ ಕೆಂಪು ಮಣ್ಣಿನ ಸ್ವಭಾವ ತಿಳಿಯದು. ಬೇಸಿಗೆಯಲ್ಲಿ ಕಡಿದರೆ ಅದು ಗೋಡೆಯ ಹಾಗೆ ನೇರವಾಗಿ ನಿಲ್ಲುತ್ತದೆ, ಅದೇ ಮೋಸ. ಮೇಲಿನ ಗಟ್ಟಿ ಪದರದ ಕೆಳಗೆ ಮೆತ್ತನೆಯ ಜೇಡಿಯಿದ್ದರೆ, ನೀರು ಇಳಿದಂತೆ ಬುಡವೇ ಸಡಿಲವಾಗುತ್ತದೆ. ಇಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದದ್ದನ್ನು ನೆನಪಿಸಿದರೆ ಸ್ಥಳೀಯರು ತಲೆಯಾಡಿಸುತ್ತಾರೆ. ಹೊಸಬರಿಗೆ ಅದನ್ನೂ ಬಿಡಿಸಿ ಹೇಳಬೇಕು. ಒಂದೂವರೆ ಮೀಟರಿಗಿಂತ ಆಳಕ್ಕೆ ಹೋದರೆ ಬದಿಗೆ ಹಲಗೆ, ಅಡ್ಡಗಂಬಗಳ ಆಧಾರ ಬೇಕೇ ಬೇಕು. ಅಗೆದ ಮಣ್ಣನ್ನು ಅಂಚಿನಿಂದ ಕನಿಷ್ಠ ಒಂದೂವರೆ ಮೀಟರ್ ದೂರ ಹಾಕಬೇಕು. ಇದನ್ನು ಬಾಯಿಮಾತಿನಲ್ಲಿ ಹೇಳದೆ, ಸುಣ್ಣದ ಪುಡಿಯಲ್ಲಿ ಗೆರೆ ಎಳೆಸಿ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಎದೆಯವರೆಗೆ ಹೂತವನು ತಲೆ ಹೊರಗಿದ್ದರೂ ಉಸಿರೆಳೆಯಲಾರ. ಕುಸಿದ ಗುಂಡಿಗೆ ಅಣ್ಣನನ್ನು ಉಳಿಸಲು ತಮ್ಮ ಧುಮುಕಬಾರದು ಎಂಬುದನ್ನು ಮುಂಚೆಯೇ ಹೇಳಿರಬೇಕು, ಆ ಕ್ಷಣದಲ್ಲಿ ಯಾರ ಮಾತನ್ನೂ ಯಾರೂ ಕೇಳುವುದಿಲ್ಲ.

ಸಾರುವೆ, ಏಣಿ, ಹೆಲ್ಮೆಟ್‌ಗಳ ವಿಷಯ ಎಲ್ಲ ಊರಿಗೂ ಒಂದೇ. ಮಳೆಗಾಲದಲ್ಲಿ ಮಾತ್ರ ಕಾಂಕ್ರೀಟ್ ಅದುರಿಸಿ ಕೂರಿಸುವ ವೈಬ್ರೇಟರ್, ಕಟ್ಟರ್‌ಗಳ ವಯರು ನೆಲದ ನೀರಿನಲ್ಲಿ ಬಿದ್ದಿರದಂತೆ ಎತ್ತಿ ಕಟ್ಟಿಸಿ, ವಿದ್ಯುತ್ ಸೋರಿದೊಡನೆ ಕರೆಂಟು ಕಡಿಯುವ 30 ಮಿಲಿ ಆಂಪಿಯರಿನ ಸೋರಿಕೆ ತಡೆ ಸ್ವಿಚ್ಚಿನ ಪರೀಕ್ಷಾ ಗುಂಡಿಯನ್ನು ದಿನವೂ ಒತ್ತಿ ನೋಡಿಸಿ.

ಕಡಲ ತಡಿಯಲ್ಲಿ ಕೆಲಸದ ಗುಣಮಟ್ಟವನ್ನೂ ತರಬೇತಿಯಲ್ಲೇ ಸೇರಿಸಬೇಕು. ಉಪ್ಪುಗಾಳಿ ಕಾಂಕ್ರೀಟಿನೊಳಗೆ ಇಳಿದು ಕಂಬಿಗೆ ತುಕ್ಕು ಹಿಡಿಸುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಅದಕ್ಕೇ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐ.ಎಸ್. 456 ಸಂಹಿತೆ ಕರಾವಳಿಯಂಥ ತೀವ್ರ ಪರಿಸರದಲ್ಲಿ ಕಂಬಿಯ ಮೇಲೆ 45 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಇರಬೇಕೆನ್ನುತ್ತದೆ. ಒಳನಾಡಿನಲ್ಲಿ ಕಂಬಿ ಕಟ್ಟಿ ರೂಢಿಯಾದವರು ಜಲ್ಲಿಕಲ್ಲನ್ನೋ ಟೈಲ್ಸ್ ಚೂರನ್ನೋ ಕೆಳಗೆ ತೂರಿಸಿ ಮುಂದೆ ಹೋಗುತ್ತಾರೆ. ಅವರಿಗೆ ಬೈಯುವ ಬದಲು ಹತ್ತಿರದ ಹಳೆಯ ಕಟ್ಟಡದಲ್ಲಿ ಕಂಬಿ ಹೊರಬಿದ್ದ ಬಾಲ್ಕನಿಯನ್ನು ತೋರಿಸಿ, ಉದುರಿದ ತುಕ್ಕಿನ ಪದರವನ್ನು ಕೈಗೆ ಕೊಡಿ. ಆಮೇಲೆ ಹೊದಿಕೆಯ ಅಳತೆ ತಪ್ಪದಂತೆ ಕಂಬಿಯ ಕೆಳಗಿಡುವ ಕವರ್ ಬ್ಲಾಕುಗಳನ್ನು ಅವರಿಂದಲೇ ಎರೆಸಿ, ಇಡಿಸಿ, ಅಳೆಸಿ.

ಕಲಿತರೇ ಎಂದು ತಿಳಿಯಲು ಹಾಜರಿ ಪುಸ್ತಕದ ಸಹಿ ಸಾಲದು. ಮಾಡಿ ತೋರಿಸಲು ಹೇಳಿ, ಒಂದು ವಾರ ಬಿಟ್ಟು ಇನ್ನೊಮ್ಮೆ ನೋಡಿ. ದೀಪಾವಳಿಗೂ ಹೋಳಿಗೂ ಊರಿಗೆ ಹೋದವರ ಜಾಗಕ್ಕೆ ಹೊಸ ಮುಖಗಳು ಬರುತ್ತವೆ. ಗುಂಡಿಗಿಳಿಯುವ ಮೊದಲು ಅವರಿಗೂ ಅದೇ ಪಾಠ ಆಗಬೇಕು.

ಮೊದಲ ದಿನವೇ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿಯನ್ನೂ ವಿವರಿಸಿ. 18ರಿಂದ 60 ವರ್ಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಅರ್ಜಿ ಹಾಕಬಹುದು. ತೊಂಬತ್ತು ದಿನದ ದೃಢೀಕರಣಕ್ಕಾಗಿ ಅವರನ್ನು ಅಲೆದಾಡಿಸಬೇಡಿ. ದಿನಗಳ ಲೆಕ್ಕ ಹೇಗೂ ನಿಮ್ಮ ಹಾಜರಿ ಪುಸ್ತಕದಲ್ಲಿದೆ, ಕೇಳಿದ ದಿನವೇ ಬರೆದು ಸಹಿ ಮಾಡಿ ಕೊಡಿ.