ಪದ ಪರಿಚಯ: ಓದುಮಟ್ಟ

ಬೇಲೂರಿನಿಂದ ದಿನವೂ ಬಸ್ಸಿನಲ್ಲಿ ಹಾಸನದ ಕಾಲೇಜಿಗೆ ಬರುವ ನನ್ನ ಅಕ್ಕನ ಮಗಳು ಈಚೆಗೆ ಒಂದು ಇಂಗ್ಲಿಷ್ ಕಾದಂಬರಿ ಹಿಡಿದಿದ್ದಳು. ನಗರ ಫ್ಯಾಂಟಸಿ ಎಂಬ ಬಗೆಯದು. ರಕ್ತಪಿಶಾಚಿಗಳು ಹಾಳು ಕೋಟೆಗಳನ್ನು ಬಿಟ್ಟು ಟ್ರಾಫಿಕ್ ಸಿಗ್ನಲ್‌ಗಳ ನಡುವೆ ಸಂಸಾರ ಹೂಡಿರುತ್ತವೆ. ಕೊಲೆಯ ಜಾಡು ಹಿಡಿಯುವ ಪತ್ತೇದಾರನಿಗೆ ಮಂತ್ರವೂ ಗೊತ್ತಿರುತ್ತದೆ. "ಮಾವ, ಇದು ಐದನೇ ತರಗತಿಯ ಮಟ್ಟದ ಪುಸ್ತಕವಂತೆ. ಮತ್ತೆ ನನಗೇಕೆ ತಲೆಗೆ ಹತ್ತುತ್ತಿಲ್ಲ?" ಎಂದು ಕೇಳಿದಳು.

ಅವಳು ಹೇಳಿದ ಆ 'ಮಟ್ಟ'ವೇ ಓದುಮಟ್ಟ. ಒಂದು ಬರಹ ಎಷ್ಟು ಸಲೀಸಾಗಿ ಓದಿಸಿಕೊಳ್ಳುತ್ತದೆ ಎಂಬುದನ್ನು ಅಂಕಿಯಲ್ಲಿ ಹೇಳುವ ಪ್ರಯತ್ನ. ಸರಳ ಬರಹದ ಪ್ರತಿಪಾದಕ ರುಡಾಲ್ಫ್ ಫ್ಲೆಷ್ 1948ರಲ್ಲಿ ಕೊಟ್ಟ ಸೂತ್ರ ಇವುಗಳಲ್ಲಿ ಹೆಸರುವಾಸಿ. ವಾಕ್ಯಕ್ಕೆ ಸರಾಸರಿ ಎಷ್ಟು ಪದ, ಪದಕ್ಕೆ ಸರಾಸರಿ ಎಷ್ಟು ಉಚ್ಚಾರಾಂಶ (ಹೇಳುವಾಗ ಪದ ಒಡೆಯುವ ತುಣುಕು, ಇಂಗ್ಲಿಷಿನ ಸಿಲಬಲ್) ಎಂದು ಎಣಿಸಿ, ಮೊದಲನೆಯದನ್ನು 1.015ರಿಂದಲೂ ಎರಡನೆಯದನ್ನು 84.6ರಿಂದಲೂ ಗುಣಿಸಿ, ಎರಡನ್ನೂ 206.835ರಿಂದ ಕಳೆಯಬೇಕು. ಅಂಕ ಹೆಚ್ಚಿದಷ್ಟೂ ಓದು ಸುಲಭ. ಇದನ್ನೇ ತರಗತಿಯ ಲೆಕ್ಕಕ್ಕೆ ತಿರುಗಿಸಿದ ಸೂತ್ರ 1975ರಲ್ಲಿ ಅಮೆರಿಕದ ನೌಕಾಪಡೆಗಾಗಿ ತಯಾರಾಯಿತು. ಸೈನಿಕರ ಕೈಪಿಡಿಗಾಗಿ ಹುಟ್ಟಿದ ಅಳತೆಗೋಲು ಈಗ ಪಿಶಾಚಿಗಳನ್ನೂ ಅಳೆಯುತ್ತಿದೆ. ಲೆಕ್ಸೈಲ್ ಎಂಬ ಇನ್ನೊಂದು ಅಳತೆ ವಾಕ್ಯದ ಉದ್ದದ ಜೊತೆಗೆ ಪದ ಎಷ್ಟು ಬಳಕೆಯಲ್ಲಿದೆ ಎಂಬುದನ್ನೂ ನೋಡುತ್ತದೆ.

ಪತ್ತೇದಾರಿ ಕಥೆಯಲ್ಲಿ ಮಾತುಕತೆ ಹೆಚ್ಚು, ವಾಕ್ಯಗಳು ತುಂಡು ತುಂಡು. ವಾಕ್ಯಕ್ಕೆ 12 ಪದ, ಪದಕ್ಕೆ 1.4 ಉಚ್ಚಾರಾಂಶ ಎಂದು ಹಿಡಿದರೆ ಅಂಕ ಸುಮಾರು 76. ತರಗತಿಯ ಲೆಕ್ಕದಲ್ಲಿ ಐದೂವರೆ. ಆ ಕೊಲೆ, ರಕ್ತಗಳನ್ನು ಹತ್ತು ವರ್ಷದ ಮಗುವಿನ ಕೈಗೆ ಕೊಡಬಹುದೇ ಎಂಬುದು ಸೂತ್ರದ ಚಿಂತೆಯಲ್ಲ.

ನನ್ನ ಸೋದರ ಸೊಸೆ ಎಡವಿದ್ದು ಉದ್ದದ ಪದಗಳಲ್ಲಿ ಅಲ್ಲವೇ ಅಲ್ಲ. ಅವಳು ಗುರುತು ಹಾಕಿಕೊಂಡಿದ್ದ ಒಂದು ಪದ 'ವಾರ್ಡ್'. ಪತ್ತೇದಾರ ತನ್ನ ಮನೆಯ ಸುತ್ತ ವಾರ್ಡ್ ಹಾಕುತ್ತಾನೆ. ಹಾಸನದಲ್ಲಿ ವಾರ್ಡ್ ಎಂದರೆ ಒಂದೋ ಆಸ್ಪತ್ರೆಯದು, ಇಲ್ಲವೇ ಚುನಾವಣೆಯದು. ಅವಳು ಎರಡನ್ನೂ ಹಚ್ಚಿ ನೋಡಿ ಸೋತಿದ್ದಳು. "ದಿಗ್ಬಂಧನ ಕಣೇ, ಮಂತ್ರದ ಬೇಲಿ" ಎಂದೆ. ಮುಖ ಅರಳಿತು. ಸೂತ್ರದ ಕಣ್ಣಿಗೆ ಒಂದೇ ಉಚ್ಚಾರಾಂಶದ 'ವಾರ್ಡ್' ಸುಲಭ, ನಾಲ್ಕು ಉಚ್ಚಾರಾಂಶದ 'ದಿಗ್ಬಂಧನ' ಕಷ್ಟ. ಅಜ್ಜಿಯಿಂದ ಭೂತದ ಕಥೆ ಕೇಳಿ ಬೆಳೆದ ಹುಡುಗಿಗೆ ಇದು ನೇರ ತಿರುವುಮುರುವು. ಓದುವವಳು ಏನನ್ನು ಮೊದಲೇ ಬಲ್ಲಳು ಎಂಬುದಕ್ಕೆ ಆ ಸೂತ್ರದಲ್ಲಿ ಜಾಗವೇ ಇಲ್ಲ.

ಇಂಗ್ಲಿಷಿಗೆ ಹೊಲಿದ ಈ ಅಂಗಿಯನ್ನು ಕನ್ನಡಕ್ಕೆ ತೊಡಿಸಿದರೆ ತಮಾಷೆಯೇ ಆಗುತ್ತದೆ. 'ಅಜ್ಜಿ ಅಂಗಳದಲ್ಲಿ ಕಾಫಿ ಒಣಗಿಸಿದಳು.' ನಾಲ್ಕು ಪದ, ಹದಿನೈದು ಉಚ್ಚಾರಾಂಶ. ಲೆಕ್ಕ ಹಾಕಿದರೆ ಬರುವ ಅಂಕ ಮೈನಸ್ 114! ವಿಭಕ್ತಿ, ಕಾಲ, ಲಿಂಗ ಎಲ್ಲವನ್ನೂ ಪದದ ಬಾಲಕ್ಕೇ ಕಟ್ಟುವ ಭಾಷೆಯಲ್ಲಿ ಉದ್ದದ ಪದ ಎಂದರೆ ಕಷ್ಟದ ಪದ ಎಂದಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆಗೆ ತಂದು ರಾತ್ರಿಯೊಳಗೆ ಮುಗಿಸುತ್ತಿದ್ದವರನ್ನು ಯಾರೂ ಮಟ್ಟ ಕೇಳಿರಲಿಲ್ಲ.

ಇನ್ನು ಪುಸ್ತಕದ ಉದ್ದದ ಮಾತು. ನಾವು ಪುಟದಲ್ಲಿ ಹೇಳುವುದನ್ನು ಇಂಗ್ಲಿಷ್ ಪ್ರಕಾಶಕರು ಪದಗಳಲ್ಲಿ ಹೇಳುತ್ತಾರೆ. ಅಚ್ಚಿನ ಅಳತೆ ಬದಲಾದರೆ ಪುಟ ಹಿಗ್ಗುತ್ತದೆ, ಪದಗಳ ಎಣಿಕೆ ಕದಲುವುದಿಲ್ಲ. ವಿಜ್ಞಾನ ಕಥೆ, ಫ್ಯಾಂಟಸಿಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿಯ ನಿಯಮದಲ್ಲಿ 40,000 ಪದ ಮುಟ್ಟಿದರೆ ಕಾದಂಬರಿ, ಅದಕ್ಕಿಂತ ಕಡಿಮೆಯಾದರೆ ಕಿರುಕಾದಂಬರಿಯೋ ಕಥೆಯೋ. ಆದರೆ 'ಮನೆಯೊಳಗಿನಿಂದಲೇ' ಎಂಬ ನಮ್ಮ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ನಾಲ್ಕೈದು ಪದ ಬೇಕು. ಆದ್ದರಿಂದ ಅವರ ಎಣಿಕೆಯಿಂದ ನಮ್ಮ ಪುಸ್ತಕದ ಗಾತ್ರ ಊಹಿಸಲಾಗದು.

ಅವಳ ಪುಸ್ತಕ 90,000 ಪದದ್ದು ಎಂದುಕೊಳ್ಳೋಣ. ಇಂಗ್ಲಿಷಿನಲ್ಲಿ ಪಳಗಿದ ವಯಸ್ಕರು ಕಥೆಯನ್ನು ನಿಮಿಷಕ್ಕೆ ಸರಾಸರಿ 260 ಪದದಂತೆ ಓದುತ್ತಾರೆ ಎಂಬ ಲೆಕ್ಕವಿದೆ. ಅದರಂತೆ ಆರು ಗಂಟೆಯೊಳಗೆ ಮುಗಿಯಬೇಕು. ಬೇಲೂರಿನಿಂದ ಹಾಸನಕ್ಕೆ ಬಸ್ಸಿನಲ್ಲಿ ಒಂದು ಗಂಟೆಯಾದರೆ ಹೋಗಿಬರುವ ಮೂರು ದಿನ ಸಾಕು. ಅವಳಿಗೆ ಎರಡು ವಾರ ಹಿಡಿಯಿತು. ಸಂಜೆಯ ಬಸ್ಸಿನಲ್ಲಿ ಸೀಟು ಸಿಗುವುದೇ ದಾರಿಯಲ್ಲಿನ ಹಗರೆ ಎಂಬ ಊರು ದಾಟಿದ ಮೇಲೆ.